ಅರಿಶಿನದ ಗೋದಾಮಿನ ಎಂಟು ಕೋಣೆ

ವಿಶ್ರಾಮಬಾಗ, ಸಾಂಗಲಿ
೩ ನವೆಂಬರ್ ೨೦೨೫

ಪೂಜ್ಯ ಅಪ್ಪಣ್ಣ ಕಾಕಾ ಅವರಿಗೆ ಶಾಲನಳ ನಮಸ್ಕಾರ.

ಕೊರಿಯರಿನಲ್ಲಿ ಕಳಿಸಿದ ಚಾವಿ ಬಂತು. ಕೂಡಲೇ ದಾವಣಗೆರೆಗೆ ಫೋನು ಮಾಡಿದೆ. ನಿಮ್ಮ ಮಗಳು ನೇತ್ರಾ ಎತ್ತಿಕೊಂಡು, "ಅಪ್ಪಾಗ ಕಿವಿ ಪೂರಾ ಹೋಗ್ಯಾವ್ರಿ ಸಿಸ್ಟರ್. ಮೊಬೈಲಿನ ಅಕ್ಷರಾನೂ ಕಾಣೂದಿಲ್ಲ. ದಪ್ಪ ಅಕ್ಷರದಾಗ ಕಾಗದಾ ಬರೀರಿ, ಓದ್ತಾರ" ಎಂದಳು. ಅದಕ್ಕೇ ಈ ಕಾಗದ. ನಾನು ಕನ್ನಡ ಶಾಲೆ ಕಲಿತದ್ದು ಉಗಾರದಲ್ಲಿ ಏಳನೆಯ ತನಕ. ಆಮೇಲೆ ಮೂವತ್ತೈದು ವರ್ಷ ಮಿರಜದ ದವಾಖಾನೆಯಲ್ಲಿ ಮರಾಠಿಯಲ್ಲಿ ರೋಗಿಗಳ ಜ್ವರ ಬರೆದದ್ದೇ ಬರೆದದ್ದು. ತಪ್ಪು ಕಂಡರೆ ನಕ್ಕುಬಿಡಿ.

ನಿಮ್ಮ ಮನೆಯವರು ಸುನಂದಾಬಾಯಿ ನಮ್ಮ ವಾರ್ಡಿನಲ್ಲಿದ್ದಾಗ ನೀವು, "ನಿನಗ ಏನರ ಬೇಕಾದ್ರ ಒಂದ್ ಸಲ ಕೇಳು" ಎಂದಿದ್ದಿರಿ. ಆರು ವರ್ಷ ಬಿಟ್ಟು ಗೋದಾಮನ್ನೇ ಕೇಳುತ್ತೇನೆ ಎಂದು ನೀವು ಅಂದುಕೊಂಡಿರಲಿಕ್ಕಿಲ್ಲ!

ಮೊನ್ನೆ ಬಾಗಿಲು ತೆಗೆದೆ. ನಾಲ್ಕು ವರ್ಷ ಮುಚ್ಚಿದ್ದರೂ ಅರಿಶಿನದ ವಾಸನೆ ಹೋಗಿಲ್ಲ, ಗೋಡೆಗೆ ಕೈ ಇಟ್ಟರೆ ಈಗಲೂ ಅಂಗೈ ಹಳದಿ. ಕುಪವಾಡ ಎಂಐಡಿಸಿಯಲ್ಲಿ ಪ್ಲೈವುಡ್ ಕಾರ್ಖಾನೆ ಇಟ್ಟಿರುವ ನಮ್ಮ ಶ್ರೇಣಿಕ ಎಂಟು ಕೋಣೆ ಮಾಡಿಕೊಡುತ್ತೇನೆ ಎಂದಿದ್ದಾನೆ. ರಾತ್ರಿಗೊಂದು ಚಾಪೆ ಕೊಟ್ಟು ಬೆಳಿಗ್ಗೆ ಎಬ್ಬಿಸಿ ಕಳಿಸುವ ಜಾಗ ನನಗೆ ಬೇಡ ಕಾಕಾ. ಮಿರಜ ಸ್ಟೇಶನ್ನಿನ ಹೊರಗೆ, ದವಾಖಾನೆಗಳ ಕಟ್ಟೆಯ ಮೇಲೆ ವರ್ಷಗಟ್ಟಲೆ ಮಲಗುವವರಿದ್ದಾರಲ್ಲ, ಅವರಿಗೆ ಒಂದೊಂದು ಕೋಣೆ, ಒಂದೊಂದು ಬಾಗಿಲು, ಅವರದೇ ಚಾವಿ. ಔಷಧ ಕೊಡಲು, ಆಧಾರ ಕಾರ್ಡು ಮಾಡಿಸಲು, ಕೆಲಸ ಹುಡುಕಲು ನಾನಿದ್ದೇನೆ. ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ.

ಗೋದಾಮಿನ ಓಣಿಯವರನ್ನು ಸೇರಿಸಿದ್ದೆ. ಎದುರುಮನೆಯ ಮೆಣಸಿನಕಾಯಿ ವ್ಯಾಪಾರಿ ಗುರುಸಿದ್ಧಪ್ಪನವರು ಕುರ್ಚಿ ಬಿಟ್ಟು ಎದ್ದೇ ನಿಂತರು. "ಊರ ಮಂದಿನ್ನೆಲ್ಲಾ ತಂದು ನಮ್ಮ ಬಾಗಲಾ ಮುಂದ ಇಡತೀರಿ. ನಮ್ಮ ಹೆಣ್ಮಕ್ಕಳು ಓಡ್ಯಾಡೂದು ಹೆಂಗ?" ಎಂದರು. ಅರ್ಧ ಓಣಿ ತಲೆಯಾಡಿಸಿತು. ಆದರೆ ನಮ್ಮ ಜೈನ ಮಹಿಳಾ ಮಂಡಳದ ಅಲಕಾ ಎಲ್ಲರ ಎದುರಿಗೇ, "ಅಡಗಿ ನಮ್ಮದು, ದಿನಾ ಎರಡೂ ಹೊತ್ತು" ಎಂದಳು. ಅಷ್ಟು ಸಾಕು, ಉಳಿದದ್ದು ಆಗುತ್ತದೆ.

ಒಂದು ಕೇಳುವುದಿತ್ತು. ಹಿಂದಿನ ಗೋಡೆಯ ಗೂಡಿನಲ್ಲಿ ಮಡಚಿಟ್ಟ ಕೌದಿ ಸಿಕ್ಕಿತು. ಇಲಿ ಮುಟ್ಟಿಲ್ಲ, ಅರಿಶಿನದ ದೆಸೆಯಿಂದ ಇರಬೇಕು. ಯಾರದು?

ನಿಮ್ಮ
ಶಾಲನ


ದಾವಣಗೆರೆ
೧೪ ನವೆಂಬರ್ ೨೦೨೫

ಚಿ. ಸೌ. ಶಾಲನಳಿಗೆ ಅಪ್ಪಣ್ಣ ಕಾಕಾನ ಆಶೀರ್ವಾದ.

ನಿನ್ನ ಅಕ್ಷರ ಚೆನ್ನಾಗಿದೆ. ನಮ್ಮ ಗುಮಾಸ್ತರಿಗಿಂತ ಮೇಲು.

ಬಾಯಿಮಾತು ನನಗೆ ಕೇಳುವುದಿಲ್ಲ, ಹಾಗಾಗಿ ಕರಾರು ಕಾಗದದ ಮೇಲೆ ಇರಲಿ. ನನ್ನ ತಮ್ಮನ ಮಗ ನಿಲೇಶ ಆ ಗೋದಾಮನ್ನು ಪಾರ್ಸಲ್ ಕಂಪನಿಗೆ ಕೊಡಬೇಕೆಂದು ಕಾಯುತ್ತಿದ್ದಾನೆ. ಯುಗಾದಿ ಪಾಡವಾ ತನಕ ತಡೆದುಕೋ ಎಂದಿದ್ದೇನೆ. ಪಾಡವಾ ದಿನ ಎಂಟರಲ್ಲಿ ಐದು ಕೋಣೆಗಳಲ್ಲಾದರೂ ಜನ ಒಂದು ತಿಂಗಳಿಂದ ನೆಲೆಸಿರಬೇಕು. ಓಣಿಯ ಬಹುಪಾಲು ಮನೆಗಳವರು ತಕರಾರಿಲ್ಲವೆಂದು ಸಹಿ ಹಾಕಿರಬೇಕು. ಎರಡೂ ಆದರೆ ಗೋದಾಮು ನಿಮ್ಮದು, ನನ್ನ ನಂತರವೂ. ಆಗದಿದ್ದರೆ ನಿಲೇಶನಿಗೆ. ಕಾಕಾ ಕಠಿಣ ಎಂದು ಬೈದುಕೊಳ್ಳಬೇಡ. ಒಲ್ಲದ ಓಣಿಯಲ್ಲಿ ಯಾರನ್ನಾದರೂ ಕೂರಿಸಿ, ನಾಳೆ ಮತ್ತೆ ಎಬ್ಬಿಸಿ ಕಳಿಸುವ ಪಾಪ ನನಗೆ ಬೇಡ.

ಉತ್ತರದ ಗೋಡೆಗೆ ಗೆದ್ದಲು ಹತ್ತುತ್ತದೆ, ಔಷಧ ಹೊಡೆಸು. ಗೂಡು ಇರುವ ಕಡೆ ಬರುವ ಕೋಣೆಗೆ ಗಾಳಿ ಚೆನ್ನಾಗಿದೆ. ಅದನ್ನು ಹೊರೆ ಹೊತ್ತು ಬದುಕಿದ ಯಾರಿಗಾದರೂ ಕೊಡು.

ಅಪ್ಪಣ್ಣ


ವಿಶ್ರಾಮಬಾಗ
೧೦ ಡಿಸೆಂಬರ್ ೨೦೨೫

ಪ್ರೀತಿಯ ಕಾಕಾ,

ಡಿಸೆಂಬರ್ ಒಂದಕ್ಕೆ ಬಾಗಿಲು ತೆರೆಯಿತು. ನೀವು ನೋಡಬೇಕಿತ್ತು! ಎಂಟೂ ಬಾಗಿಲಿಗೆ ನೀಲಿ ಬಣ್ಣ. ಪ್ರತಿ ಕೋಣೆಗೆ ಮಂಚ, ಬಟ್ಟೆ ಹಾಕುವ ಗೂಟ, ದೀಪ, ಸಣ್ಣದೊಂದು ಕನ್ನಡಿ. ಕನ್ನಡಿ ಶ್ರೇಣಿಕನ ಹೆಂಡತಿಯ ವಿಚಾರ. ಹೊರಗೆ ಇರುವವರು ತಮ್ಮ ಮುಖ ನೋಡಿಕೊಂಡು ಎಷ್ಟು ದಿನವಾಗಿರುತ್ತದೋ ಎಂದಳು. ಗೆದ್ದಲಿಗೆ ಔಷಧ ಹೊಡೆಸಿದೆ.

ಅಲಕಾಳ ಕಡೆಯ ಹೆಂಗಸರು ಪಾಳಿ ಹಾಕಿಕೊಂಡು ಅಡಿಗೆ ಮಾಡುತ್ತಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಒಂದು ಊಟ, ಸಂಜೆ ಐದಕ್ಕೆ ಒಂದು. ಬಿಸಿಬಿಸಿ ಜೋಳದ ಭಕ್ಕರಿ, ಪಲ್ಯ, ಬೇಳೆ. ಆರರೊಳಗೆ ಪಾತ್ರೆ ತಿಕ್ಕಿ ಒಲೆ ಸಾರಿಸಿ ಬಾಗಿಲು ಮುಚ್ಚುತ್ತಾರೆ. ನಮ್ಮ ದವಾಖಾನೆಯಲ್ಲೂ ಇಷ್ಟು ಶಿಸ್ತು ಇರಲಿಲ್ಲ.

ಜನ ಬರುತ್ತಿದ್ದಾರೆ. ಗುರುಸಿದ್ಧಪ್ಪನವರು ಎದುರಿನ ಕಟ್ಟೆಯ ಮೇಲೆ ಕುಳಿತು ಯಾರು ಬಂದರು, ಯಾರು ಹೋದರು ಎಂದು ಲೆಕ್ಕ ಇಡುತ್ತಾರೆ. ಇಡಲಿ ಬಿಡಿ.

ಕೌದಿ ತೊಳೆದು ಬಿಸಿಲಿಗೆ ಹಾಕಿದ್ದೆ. ಅಂಚಿನಲ್ಲಿ ಕೆಂಪು ದಾರದ ಹೊಲಿಗೆ, ಯಾರೋ ಆಸ್ಥೆಯಿಂದ ಹೊಲಿದದ್ದು. ಯಾರದೆಂದು ನೀವು ಬರೆಯಲಿಲ್ಲ.

ನಿಮ್ಮ
ಶಾಲನ


ದಾವಣಗೆರೆ
೨೨ ಡಿಸೆಂಬರ್ ೨೦೨೫

ಶಾಲನಾ,

ನಲವತ್ತು ವರ್ಷ ಅಡತಿ ವ್ಯಾಪಾರ ಮಾಡಿದ್ದೇನೆ. ಮಾರಲು ಬಂದವನು ಚೀಲವನ್ನೇ ಹೊಗಳುತ್ತ ನಿಂತರೆ, ಒಳಗಿನ ಅರಿಶಿನ ಹುಳ ಹಿಡಿದಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನೀನು ಬಾಗಿಲು, ಬಣ್ಣ, ಕನ್ನಡಿ, ಪಾತ್ರೆ ಎಲ್ಲ ಬರೆದೆ. ಒಳಗೆ ಇರುವ ಒಬ್ಬರ ಹೆಸರನ್ನೂ ಬರೆಯಲಿಲ್ಲ.

ಹೆಸರು ಬರೆ.

ಅಪ್ಪಣ್ಣ


ವಿಶ್ರಾಮಬಾಗ
೮ ಜನವರಿ ೨೦೨೬

ಪೂಜ್ಯ ಕಾಕಾ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟು ಬಂತು. ಮೂರನೇ ದಿನ ಅಳು ಬಂತು. ನಿಜ ಹೇಳುತ್ತೇನೆ.

ಎರಡೇ ಹೆಸರು. ಕಾಲು ಹುಣ್ಣಾಗಿ ನಡೆಯಲಾಗದ ಬಾಳವ್ವ, ಅವಳ ಮಂದಬುದ್ಧಿಯ ಮಗಳು ಕಮಳಿ. ಇಬ್ಬರಿಗೂ ಸೇರಿ ಒಂದೇ ಕೋಣೆ. ಏಳು ಕೋಣೆ ಖಾಲಿ. ಹನ್ನೊಂದು ಜನ ಬಂದರು, ಎರಡು ಮೂರು ದಿನ ಇದ್ದು ಎಲ್ಲರೂ ಹೋದರು. ಯಾಕೆ ಹೋದಿರಿ ಎಂದು ಕೇಳಿದರೆ ನೆಲ ನೋಡುತ್ತಾರೆ. ಒಬ್ಬನನ್ನು ಸ್ಟೇಶನ್ನಿನಲ್ಲಿ ಹಿಡಿದು ಗದರಿಬಿಟ್ಟೆ, "ಇಷ್ಟು ಮಾಡಿದ್ರೂ ನಿನಗ ಫುಟ್‌ಪಾತೇ ಬೇಕೇನು?" ಎಂದು. ಅವನು, "ಅಲ್ಲಿ ನಿದ್ದಿ ಹತ್ತೂದಿಲ್ರಿ ಬಾಯಿ" ಎಂದ. ಮೆತ್ತಗಿನ ಹಾಸಿಗೆಯ ಮೇಲೆ ನಿದ್ದೆ ಬರುವುದಿಲ್ಲವಂತೆ! ಸಹಿಗೆ ಹೋದರೆ ಓಣಿಯವರು, "ಖಾಲಿ ಜಾಗಾಕ್ಕ ಏನ್ ಸಹಿ ಮಾಡೂನು?" ಎನ್ನುತ್ತಾರೆ. ಇನ್ನು ಎರಡು ತಿಂಗಳಲ್ಲಿ ನಿಲೇಶನ ಪಾರ್ಸಲ್ಲುಗಳು ನನ್ನ ನೀಲಿ ಬಾಗಿಲುಗಳನ್ನು ಕಿತ್ತುಹಾಕುತ್ತವೆ. ಬಾಳವ್ವನನ್ನು ಮತ್ತೆ ಕಟ್ಟೆಯ ಮೇಲೆ ಹೇಗೆ ಕೂರಿಸಲಿ, ಅದನ್ನು ಮಾತ್ರ ಯೋಚಿಸಲಾಗುತ್ತಿಲ್ಲ.

ಇನ್ನೊಂದು. ಸ್ಟೇಶನ್ನಿನ ಪಾರ್ಸಲ್ ಆಫೀಸಿನ ಹತ್ತಿರ ಜ್ಯೋತೆಪ್ಪ ಎಂಬ ಹಮಾಲ ಇರುತ್ತಾನೆ. ಎತ್ತರದ ಆಳು, ಅರವತ್ತು ದಾಟಿದೆ, ಎಡಭುಜ ಬಾವು ಬಂದು ಕೈ ಮೇಲೇಳುವುದಿಲ್ಲ. ಔಷಧ ಹಚ್ಚಿ ಗೋದಾಮಿಗೆ ಕರೆದೆ. ಓಣಿಯ ಹೆಸರು ಕೇಳಿದ್ದೇ, "ಆ ಗೋದಾಮಾ ನನಗ ಗೊತ್ತೈತ್ರಿ. ಅಲ್ಲಿ ಕೀಲಿ ಹೊರಗಿಂದ ಹಾಕತಾರ" ಎಂದು ಎದ್ದು ಹೋದ. ನಿಮ್ಮಲ್ಲಿ ಕೆಲಸಕ್ಕಿದ್ದನೇ? ಏನಾದರೂ ಕದ್ದು ಸಿಕ್ಕಿಬಿದ್ದಿದ್ದನೇ? ಅಂಥವನಾದರೆ ನಾನು ಜಾಗ್ರತೆಯಿಂದ ಇರಬೇಕು.

ಶಾಲನ


ದಾವಣಗೆರೆ
೨೪ ಜನವರಿ ೨೦೨೬

ಶಾಲನಾ,

ಜ್ಯೋತೆಪ್ಪ ಕದಿಯಲಿಲ್ಲ. ಮೂವತ್ತೆರಡು ವರ್ಷ ನನ್ನ ಗೋದಾಮಿನಲ್ಲಿ ಒಂದು ಅರಿಶಿನದ ಕೊಂಬು ಆಚೀಚೆ ಆಗಲಿಲ್ಲ. ಇನ್ನೊಮ್ಮೆ ಆ ಮಾತು ಬರೆಯಬೇಡ.

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಅವನು ಅಥಣಿ ಕಡೆಯವನು. ಹಿಂದೆಮುಂದೆ ಯಾರಿಲ್ಲ. ಗೋದಾಮೇ ಅವನ ಮನೆ. ನೀನು ಕೇಳುತ್ತಲೇ ಇರುವ ಕೌದಿ ಅವನದು, ಸುನಂದಾ ತನ್ನ ಹಳೆಯ ಸೀರೆಗಳಿಂದ ಹೊಲಿದು ಕೊಟ್ಟದ್ದು. ಲಾರಿ ಖಾಲಿ ಮಾಡಿ ಅವನು ಬರುವ ಹೊತ್ತಿಗೆ ರಾತ್ರಿ ಎಂಟು, ಎಂಟೂವರೆ. ಅವಳು ಎರಡು ಭಕ್ಕರಿ, ಪಲ್ಯ ತಟ್ಟೆ ಮುಚ್ಚಿ ಹೊಸ್ತಿಲಲ್ಲಿ ಇಟ್ಟಿರುತ್ತಿದ್ದಳು. "ಹೊರಿ ಹೊತ್ತಾಂವ ಬರಿ ಹೊಟ್ಟೀಲೆ ಮಲಗಿದ್ರ ನಿದ್ದಿ ಹೆಂಗ ಬರತೈತಿ?" ಎನ್ನುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಅವಳು ಹೋದ ಮೇಲೆ ಅಂಗಡಿ ಮುಚ್ಚಿದೆ. ಮುಚ್ಚಿದ ದಿನ ಪೂಜೆ ಮಾಡಿ, ಹತ್ತು ಜನರ ಮುಂದೆ ಜ್ಯೋತೆಪ್ಪನಿಗೆ ಧೋತರ, ಪಟಗಾ, ತೆಂಗಿನಕಾಯಿ ಕೊಟ್ಟೆ. ಫೋಟೋ ತೆಗೆದರು. ಬೀಗ ಹಾಕಿ ಕಾರು ಹತ್ತಿದೆ. ಮಿರಜ ದಾಟುವಾಗ ನೆನಪಾಯಿತು: ಅವನ ಹಾಸಿಗೆ ಒಳಗೇ ಇದೆ. ಅವನು ಇವತ್ತು ಮಲಗುವುದು ಎಲ್ಲಿ ಎಂದು ನಾನು ಕೇಳಲೇ ಇಲ್ಲ. ನನ್ನ ಮುಖ ನೋಡಿ ನೇತ್ರಾ, "ಗಾಡಿ ತಿರಗಸಲೇನ್ರಿ ಅಪ್ಪಾ?" ಎಂದಳು. ಆಗ ಕಿವಿ ಸ್ವಲ್ಪ ಕೇಳುತ್ತಿತ್ತು. ಬೇಡ, ಹೊತ್ತಾಗುತ್ತದೆ ಎಂದೆ.

ನಾಲ್ಕು ವರ್ಷ ಆ ಚಾವಿ ನನ್ನ ದಿಂಬಿನ ಕೆಳಗಿತ್ತು. ನೀನು ಗೋದಾಮು ಕೇಳಿದಾಗ ನೀನು ಮಾಡಿದ ಉಪಕಾರ ನೆನೆದು ಕೊಟ್ಟೆನೆಂದು ಓಣಿಯವರು ಹೊಗಳಿರಬಹುದು. ನಂಬಬೇಡ. ನನಗೆ ನಾಚಿಕೆಯಾಗಿದೆ, ಅಷ್ಟೇ.

ಅಪ್ಪಣ್ಣ


ವಿಶ್ರಾಮಬಾಗ
೯ ಫೆಬ್ರುವರಿ ೨೦೨೬

ಪೂಜ್ಯ ಕಾಕಾ,

ನಿಮ್ಮ ಕಾಗದವನ್ನು ಅಡಿಗೆಮನೆಯಲ್ಲಿ ನಿಂತು ಓದಿದೆ. ತಟ್ಟೆ ಮುಚ್ಚಿಟ್ಟ ಭಕ್ಕರಿಯ ಮಾತು ಬಂದಾಗ ಅಲ್ಲೇ ಕುಳಿತುಬಿಟ್ಟೆ.

ನಾನು ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವಳಲ್ಲ. ಅಲಕಾಳೂ ಅಲ್ಲ. ದವಾಖಾನೆಯಲ್ಲೂ ರೋಗಿಗಳಿಗೆ ಸಂಜೆ ಐದೂವರೆಗೇ ಊಟ. ಲೋಕವೆಲ್ಲ ಐದಕ್ಕೆ ಉಣ್ಣುತ್ತದೆ ಎಂದೇ ನನ್ನ ತಲೆಯಲ್ಲಿ ಕುಳಿತಿತ್ತು ಕಾಕಾ! ಹಮಾಲರು, ಗುಜರಿ ಭಂಗಾರ ಆಯುವವರು, ಗಾಡಿ ತಳ್ಳುವವರು ಐದಕ್ಕೆ ಎಲ್ಲಿ ಬರುತ್ತಾರೆ? ಎಂಟಕ್ಕೆ ಬಂದು, ಮುಚ್ಚಿದ ಅಡಿಗೆಮನೆ ನೋಡಿ, ಬರಿ ಹೊಟ್ಟೆಯಲ್ಲಿ ನನ್ನ ಮೆತ್ತಗಿನ ಹಾಸಿಗೆಯ ಮೇಲೆ ಮಲಗುತ್ತಿದ್ದರು. ಸ್ಟೇಶನ್ನಿನಲ್ಲಾದರೆ ರಾತ್ರಿ ಯಾರಾದರೂ ಬ್ರೆಡ್ಡು-ಪಾವು ಕೊಡುತ್ತಾರೆ. "ನಿದ್ದಿ ಹತ್ತೂದಿಲ್ಲ" ಎಂದವನನ್ನು ನಾನು ಗದರಿದ್ದೆ. ಬಾಳವ್ವ ಉಳಿದದ್ದು ಯಾಕೆ ಗೊತ್ತೇ? ನಡೆಯಲಾಗದೆ ದಿನವಿಡೀ ಒಳಗೇ ಇರುತ್ತಾಳೆ, ಐದಕ್ಕೆ ಊಟ ಸಿಗುತ್ತದೆ. ಅವಳೂ ಒಂದು ಮಾತು ಹೇಳಲಿಲ್ಲ. ಪುಕ್ಕಟೆ ಉಣ್ಣುವವರು ಹೊತ್ತು ಕೇಳಬಾರದೆಂದು ಸುಮ್ಮನಿದ್ದಳಂತೆ.

ಅಲಕಾಳ ಹತ್ತಿರ ಓಡಿದೆ. "ಹೊತ್ತ ಮುಳಗಿದ ಮ್ಯಾಲ ನಾ ಒಲಿ ಹಚ್ಚೂದಿಲ್ಲ ಶಾಲನಕ್ಕಾ. ನಾ ಮಾಡಿದ್ದನ್ನ ಆವಾಗ ಬಡಿಸೂದೂ ಇಲ್ಲ. ಪಾಪಾ ನನಗ ಬರತೈತಿ" ಎಂದಳು. "ಉಪವಾಸ ಮಲಗಿಸಿದ್ದು ಯಾರಿಗೆ ಬರತೈತಿ?" ಎಂದೆ. ಅವಳಿಗೆ ಕಣ್ಣಲ್ಲಿ ನೀರು ಬಂತು, ನನಗೂ. ಇಬ್ಬರೂ ನಾಲ್ಕು ದಿನ ಮಾತಾಡಲಿಲ್ಲ.

ಐದನೇ ದಿನ ಗುರುಸಿದ್ಧಪ್ಪನವರು ಕಟ್ಟೆಯಿಂದ ಕೈ ಮಾಡಿ ಕರೆದರು. "ಕುಂದ್ರಿ ಬಾಯಿ. ನಾ ದಿನಾ ನೋಡೇನಿ. ಎಂಟರ ಸುಮಾರಕ ಬರತಾರ, ಅಡಗಿಮನಿ ಬಾಗಲಾ ನೂಕಿ ನೋಡತಾರ, ಹೊಳ್ಳಿ ಹೋಗತಾರ. ಒಬ್ರೂ ಒಂದ್ ಕಲ್ಲ ಒಗದಿಲ್ಲ, ಒಂದ್ ಬೈಗುಳಾ ಆಡಿಲ್ಲ. ಹಸದ ಮಂದಿ ಇಷ್ಟ ಸುಮ್ನ ಹೋಗೂದು ನನಗ ನೋಡಾಕ ಆಗವಲ್ದು" ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀವು ಎಲ್ಲಿ ಕೇಳಿದ್ರಿ? ಮಾರಿ ತಿರಗಿಸಿಕೊಂಡು ಹೋಗತಿದ್ರಿ!" ಎಂದರು. ನಿಜವೇ.

ಆಮೇಲೆ ಅವರೇ, "ನಾವು ಜಂಗಮರಿಗೆ, ಬಂದವರಿಗೆ ಎಡಿ ಮಾಡಿ ಉಣ್ಣೂ ಮಂದಿ. ನಮ್ಮನ್ಯಾಗ ಒಂಬತ್ತಕ್ಕ ಮೊದಲ ಯಾರೂ ಉಣ್ಣೂದಿಲ್ಲ. ಡಬ್ಬಿ ನಮ್ಮ ಕಡೆ ಇಡ್ರಿ" ಎಂದರು. ಈಗ ಹೀಗೆ ನಡೆದಿದೆ: ಅಲಕಾ ಮತ್ತು ಮಂಡಳದವರು ಐದರೊಳಗೆ ಅಡಿಗೆ ಮುಗಿಸಿ, ಹಾಟ್‌ಬಾಕ್ಸಿನಲ್ಲಿ ತುಂಬಿ, ಹೊತ್ತು ಮುಳುಗುವ ಮೊದಲು ಗುರುಸಿದ್ಧಪ್ಪನವರ ಹೊಸ್ತಿಲು ದಾಟಿಸುತ್ತಾರೆ. ಮೊದಲ ದಿನ ಅಲಕಾ ಡಬ್ಬಿ ಒಳಗೆ ಇಟ್ಟು, "ದಾಟಿಸೇನಿ ನೋಡ್ರಿ. ಇನ್ನ ಇದು ನಿಮ್ಮನಿ ಅಡಗಿ" ಎಂದಳು. "ನಮ್ಮದಽ" ಎಂದರು ಅವರು. ಎಂಟರಿಂದ ಅವರ ಮನೆಯವರು ಬಡಿಸುತ್ತಾರೆ. ಬೇಕಾದರೆ ಮೇಲೆ ಒಂದು ಖಾರಬ್ಯಾಳಿಯನ್ನೂ ಹಾಕುತ್ತಾರೆ, ನಮ್ಮವರು ಹಾಕದ ಉಳ್ಳಾಗಡ್ಡಿ ಹಾಕಿ!

ಹೆಸರು ಬರೆಯುತ್ತೇನೆ: ಬಾಳವ್ವ ಮತ್ತು ಕಮಳಿ, ಗಾಡಿ ತಳ್ಳುವ ರಫೀಕ, ಭಂಗಾರ ಆಯುವ ಶೇವಂತಾ, ಕಣ್ಣು ಕಾಣದ ತುಕಾರಾಮ, ನಾನು ಗದರಿದ್ದ ಪರಸಪ್ಪ. ಐದು ಕೋಣೆ ತುಂಬಿವೆ. ಪರಸಪ್ಪನ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ನನ್ನ ಕಾಲಿಗೆ ಬೀಳಲು ಬಂದ.

ಜ್ಯೋತೆಪ್ಪ ಬರಲಿಲ್ಲ. ನಿಮ್ಮ ಕಾಗದವನ್ನು ಅವನಿಗೆ ಓದಿ ಹೇಳಲೇ? ನೀವು ನನಗೆ ಬರೆದದ್ದು, ಕೇಳದೆ ಓದಲಾರೆ.

ಶಾಲನ


ದಾವಣಗೆರೆ
೧೬ ಫೆಬ್ರುವರಿ ೨೦೨೬

ಶಾಲನಾ,

ಓದು. ಗಾಡಿ ತಿರುಗಿಸಬೇಡ ಎಂದದ್ದನ್ನೂ ಬಿಡದೆ ಓದು. ಕ್ಷಮಿಸು ಎಂದು ನನ್ನ ಪರವಾಗಿ ಕೇಳಬೇಡ.

ಗೂಡಿನ ಕೋಣೆಗೆ ಹೊಸ ಬೀಗ ತಾ. ಎರಡೂ ಚಾವಿ ಅವನ ಕೈಗೆ ಕೊಡು. ಒಂದು ನಿನ್ನ ಹತ್ತಿರವೂ ಇರಬಾರದು, ನನ್ನ ಹತ್ತಿರವಂತೂ ಬೇಡವೇ ಬೇಡ.

ಅಪ್ಪಣ್ಣ


ವಿಶ್ರಾಮಬಾಗ
೮ ಮಾರ್ಚ್ ೨೦೨೬

ಪ್ರೀತಿಯ ಕಾಕಾ,

ಸಹಿ ಆದವು! ಓಣಿಯ ಹತ್ತೊಂಬತ್ತು ಮನೆಗಳಲ್ಲಿ ಹದಿನೇಳು. ಕಾಗದ ಹಿಡಿದು ಮನೆಮನೆ ತಿರುಗಿದವರು ಗುರುಸಿದ್ಧಪ್ಪನವರೇ. "ನಮ್ಮನಿ ಊಟಾ ಉಣ್ಣೂ ಮಂದಿ, ಪರರ ಅಲ್ಲ" ಎಂದು ಎಲ್ಲರಿಗೂ ಹೇಳಿದರಂತೆ. ನಾನು ನಾಲ್ಕು ತಿಂಗಳು ಭಾಷಣ ಮಾಡಿದ್ದಕ್ಕೆ ಒಂದು ಸಹಿ ಬಿದ್ದಿರಲಿಲ್ಲ.

ಈಗ ಜ್ಯೋತೆಪ್ಪನ ವಿಷಯ. ಪಾರ್ಸಲ್ ಆಫೀಸಿನ ಕಟ್ಟೆಯ ಮೇಲೆ ಕುಳಿತು ನಿಮ್ಮ ಕಾಗದ ಪೂರಾ ಓದಿದೆ. ಸುನಂದಾಬಾಯಿಯವರ ಮಾತು ಬಂದಾಗ ತಲೆಯ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮುಗಿದ ಮೇಲೆ, "ಆವತ್ತ ನಾ ಕಾಯಿ ಹಿಡಕೊಂಡು ಬಾಗಲದಾಗ ಕುಂತಿದ್ದೆ. ಸಾವಕಾರ್ರಿಗೆ ನೆನಪಾಗಿ ಹೊಳ್ಳಿ ಬರತಾರ ಅಂತ. ಮರದಿನಾ ಸಂಜಿ ತನಕಾ ಕುಂತಿದ್ದೆ" ಎಂದ. ಅಷ್ಟೇ. ಇದನ್ನು ನಿಮಗೆ ಬರೆಯಬಾರದು ಅನಿಸಿತು. ಆದರೆ ನಾವಿಬ್ಬರೂ ಮುಚ್ಚಿಟ್ಟು ಬರೆದದ್ದು ಸಾಕು.

ಮೂರು ದಿನ ಬಿಟ್ಟು ಗಂಟು ಹಿಡಿದು ತಾನೇ ಬಂದ. ಎಂಟು ಗಂಟೆಯಾಗಿತ್ತು. ಗುರುಸಿದ್ಧಪ್ಪನವರ ಮನೆಯಲ್ಲಿ ಮೊದಲು ಉಂಡ. ಬೀಗ, ಎರಡು ಚಾವಿ ಕೊಟ್ಟೆ. ಕೌದಿ ನೋಡಿ, "ತೊಳದೀರಿ" ಎಂದ. ತಪ್ಪಾಯಿತೇನೋ ಎಂದು ಹೆದರಿದೆ. ಮೂಸಿ ನೋಡಿ, "ಇರಲಿ, ಹಳದಿ ವಾಸನಿ ಇನ್ನೂ ಐತಿ" ಎಂದು ನಕ್ಕ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಳಗಿಂದ ಚಿಲಕ ಹಾಕಿದ. ತೆಗೆದ. ಮತ್ತೆ ಹಾಕಿದ. ಎಷ್ಟೋ ಹೊತ್ತು ಅದೇ ಸಪ್ಪಳ. ಕಮಳಿ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಈಗ ಏಳು ಕೋಣೆ ತುಂಬಿವೆ. ಅವನ ಭುಜಕ್ಕೆ ದಿನಾ ಶಾಖ ಕೊಡುತ್ತಿದ್ದೇನೆ. ಹೊರೆ ಬೇಡ ಎಂದಿದ್ದೇನೆ, ಶ್ರೇಣಿಕ ಕಾರ್ಖಾನೆಯ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತಾನಂತೆ.

ಪಾಡವಾಕ್ಕೆ ನೀವು ಬರುತ್ತೀರೆಂದು ನೇತ್ರಾ ಹೇಳಿದಳು. ಜ್ಯೋತೆಪ್ಪನಿಗೆ ಹೇಳಿದೆ. ಹೀಗೆಯೇ ಬರೆಯಿರಿ ಎಂದು ಬರೆಸಿದ: "ಬರ್ರಿ ಸಾವಕಾರ್ರ. ಖೋಲಿ ಸಣ್ಣದೈತಿ, ಇಬ್ರು ಕುಂದರಾಕ ಆಗತೈತಿ. ಆದ್ರ ಬಾಗಲಾ ತಟ್ಟಿ ಬರ್ರಿ. ನಾ ಬರ್ರಿ ಅಂದ ಮ್ಯಾಲ ಒಳಗ ಬರ್ರಿ."

ಅವನು ಹೇಳಿದಂತೆಯೇ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ
ಶಾಲನ


ದಾವಣಗೆರೆ
೧೪ ಮಾರ್ಚ್ ೨೦೨೬

ಚಿ. ಶಾಲನಳಿಗೆ,

ನಿಲೇಶನಿಗೆ ಇಲ್ಲವೆಂದು ತಿಳಿಸಿದೆ. ಮುಖ ಊದಿಸಿಕೊಂಡಿದ್ದಾನೆ, ಪಾಡವಾ ಹೋಳಿಗೆ ತಿಂದರೆ ಇಳಿಯುತ್ತದೆ. ಗೋದಾಮಿನ ಕಾಗದ ವಕೀಲರ ಹತ್ತಿರ ಸಿದ್ಧವಾಗುತ್ತಿದೆ. ಎಂಟನೇ ಕೋಣೆ ಖಾಲಿ ಇಡಬೇಡ. ಗುರುಸಿದ್ಧಪ್ಪನಿಗೂ ಅಲಕಾಗೂ ನನ್ನ ಶರಣು ಹೇಳು. ಹದಿನೆಂಟಕ್ಕೆ ರೈಲು ಹತ್ತಿ ಪಾಡವಾ ದಿನ ಬೆಳಿಗ್ಗೆ ಮಿರಜದಲ್ಲಿ ಇಳಿಯುತ್ತೇನೆ. ಕಾರು ಬೇಡ ಎಂದಿದ್ದೇನೆ.

ಬೇಜಾರು ಯಾಕೆ? ಅವನು ಕರೆದನಲ್ಲ, ಅಷ್ಟು ಸಾಕು. ಕಾಗದ ಓದಿ ನೇತ್ರಾಳ ಮುಂದೆ ಅತ್ತೆ. ಮುಚ್ಚಿಡುವುದು ಬೇಡ ಎಂದೆಯಲ್ಲ, ಬರೆದಿದ್ದೇನೆ.

ಜ್ಯೋತೆಪ್ಪನಿಗೆ ಹೇಳು: ತಟ್ಟುತ್ತೇನೆ. ಆದರೆ ನನ್ನ ಕಿವಿ ಹೋಗಿವೆ, ಅವನು ಒಳಗಿಂದ ಬರ್ರಿ ಅಂದದ್ದು ನನಗೆ ಕೇಳಿಸುವುದಿಲ್ಲ. ಅವನೇ ಎದ್ದು ಬಂದು ಬಾಗಿಲು ತೆಗೆಯುವ ತನಕ ಹೊರಗೆ ನಿಂತಿರುತ್ತೇನೆ. ಅವನಿಗೆ ಅವಸರ ಬೇಡ.

ಅಪ್ಪಣ್ಣ